ಕಲ್ಲಿನ ಮೇಲೆ ಎರಡು ಸೊಪ್ಪು

2007ರ ಫೆಬ್ರವರಿ 11, ಭಾನುವಾರ. ಕೊಪ್ಪ ಠಾಣೆಗೆ ದೂರು ಬಂದಾಗ ಸಂಜೆ ಐದು ಮುಕ್ಕಾಲು. ಭಾನುವಾರ ಸಂಜೆಯ ದೂರುಗಳೆಂದರೆ ಸಾಮಾನ್ಯವಾಗಿ ಕುಡಿದು ಕೈಕೈ ಮಿಲಾಯಿಸಿದವರವು. ಸಬ್ ಇನ್‌ಸ್ಪೆಕ್ಟರ್ ಬಸವೇಶ್ ಅಂಥ ಇಬ್ಬರಿಗೂ ಬೈದು, ಇಬ್ಬರಿಗೂ ಟೀ ಕುಡಿಸಿ ಕಳಿಸಿಬಿಡುತ್ತಿದ್ದ. ಈ ಸಲ ಬಂದವರು ಬೈಯಿಸಿಕೊಳ್ಳುವಂಥವರಲ್ಲ. ಅರವತ್ತು ದಾಟಿದ ಹೆಂಗಸು, ಮೊಣಕಾಲು ನೋವಿಗೆ ಪಟ್ಟಿ ಬಿಗಿದುಕೊಂಡು, ಕೋಟೆಮಕ್ಕಿಯ ಹೋಂಸ್ಟೇ ಮಾಲೀಕ ರಾಕೇಶನ ತೋಳು ಹಿಡಿದು ಮೆಟ್ಟಿಲು ಹತ್ತಿದರು. ಹೆಸರು ಸುಲೋಚನಮ್ಮ, ಊರು ಶಿವಮೊಗ್ಗ.

"ನಮ್ಮೆಜಮಾನ್ರು ಬೆಳಿಗ್ಗೆ ಏಳಕ್ಕೆ ಕೋಟೆ ಸುತ್ತಿಗೆ ಹೋದೋರು ಇನ್ನೂ ಬಂದಿಲ್ಲ" ಎಂದರು.

"ಹೆಸರು?"

"ವೆಂಕಟರಮಣಯ್ಯ. ಅರವತ್ತಾರು."

"ಏನು ಹಾಕ್ಕೊಂಡಿದ್ರು?"

"ತಿಳಿನೀಲಿ ಅಂಗಿ, ಕಂದು ಪ್ಯಾಂಟು, ಬಟ್ಟೆ ಶೂ. ಹೆಗಲಿಗೆ ಹಸಿರು ಕ್ಯಾನ್ವಾಸ್ ಚೀಲ."

"ಒಬ್ಬರೇ ಹೋದ್ರಾ?"

ಅದಕ್ಕೆ ರಾಕೇಶ ಉತ್ತರಿಸಿದ. "ನಮ್ಮ ಗೈಡ್ ತಿಮ್ಮಣ್ಣ ಜೊತೆಗೆ ಹೋಗ್ಬೇಕಿತ್ತು ಸಾರ್. ಅವಂಗೆ ಜ್ವರ ಅಂತೆ. ಕಾಡಿನ ಬದಿ ದಾರಿ ತೋರಿಸಿ, ಅಲ್ಲಿಂದ್ಲೇ ವಾಪಸ್ ಬಂದ್ನಂತೆ. ಕಳ್ದೋಗೋ ದಾರಿ ಅಲ್ಲ ಸಾರ್ ಅದು."

ಕಳೆದುಹೋಗುವ ದಾರಿ ನಿಜಕ್ಕೂ ಅಲ್ಲ. ಕೋಟೆಮಕ್ಕಿಯಿಂದ ಹೊರಟು ಕಾಡಿನೊಳಗೆ ಗುಡ್ಡ ಹತ್ತಿದರೆ ಪಾಳು ಕೋಟೆಯ ಹೆಬ್ಬಾಗಿಲು. ಒಳಗೆ ಹುಲ್ಲು, ಲಂಟಾನ, ಮುರಿದ ಬುರುಜು. ಆ ಬದಿಯ ಒಡಕಿನಿಂದ ಇಳಿದರೆ ಅಕೇಶಿಯಾ ನೆಡುತೋಪು. ತೋಪಿನ ನಡುವೆ ನಡೆದು ಬಂದರೆ ಮತ್ತೆ ಊರು. ಒಟ್ಟು ಏಳು ಕಿಲೋಮೀಟರು. ಎರಡು ವರ್ಷದಿಂದ ರಾಕೇಶ ಇದಕ್ಕೆ ಕರಪತ್ರ ಅಚ್ಚು ಹಾಕಿಸಿ, ಬೆಂಗಳೂರು ಮಂಗಳೂರಿನವರನ್ನು ಕರೆಸಿ ನಡೆಸುತ್ತಿದ್ದ. ಊರಿನವರಿಗೆ ಇದೊಂದು ತಮಾಷೆ. ಸೌದೆಗೆ ನಡೆಯುವ ದಾರಿಯಲ್ಲಿ ಶೂ ಹಾಕಿಕೊಂಡು ಸುಮ್ಮನೆ ಸುತ್ತಿ ಬರುವವರನ್ನು ಕಂಡು ಅವರಿಗೆ ನಗು ಬರುತ್ತಿತ್ತು.

ನಾಪತ್ತೆ ದೂರು ದಾಖಲಾಯಿತು. ಬಸವೇಶ್ ಕಡೂರು ಕಡೆಯ ಬಯಲಿನವನು. ಕಾಡನ್ನು ಕತ್ತಲಲ್ಲಿ ಹುಡುಕುವ ಹುಂಬತನ ಅವನಿಗಿರಲಿಲ್ಲ. ಬೆಳಗಾಗಲಿ ಎಂದ.

ಮರುದಿನ, 12ನೇ ತಾರೀಕು ಬೆಳಿಗ್ಗೆ ಆರೂ ಇಪ್ಪತ್ತಕ್ಕೆ ಹುಡುಕಾಟ ಶುರುವಾಯಿತು. ಬಸವೇಶ್, ಹೆಡ್ ಕಾನ್‌ಸ್ಟೇಬಲ್ ಗಿಡ್ಡಯ್ಯ, ಇಬ್ಬರು ಪೇದೆಗಳು, ಊರಿನ ಎಂಟು ಜನ. ಗಿಡ್ಡಯ್ಯ ಈ ಸೀಮೆಯವನೇ, ಕೋಟೆಮಕ್ಕಿಯಿಂದ ಮೂರು ಮೈಲಿ ದೂರದ ಊರು. ನಿವೃತ್ತಿಗೆ ಮೂರು ವರ್ಷ ಉಳಿದಿತ್ತು. ತಿಮ್ಮಣ್ಣನೂ ಬಂದಿದ್ದ. ಐವತ್ತೆಂಟರ ಒಣಕಲು ಮನುಷ್ಯ, ತಲೆಗೆ ಟವೆಲ್ಲು ಸುತ್ತಿಕೊಂಡು ಹಿಂದೆ ಹಿಂದೆ ನಡೆಯುತ್ತಿದ್ದ.

"ಜ್ವರ ಬಿಡ್ತೇನಪ್ಪಾ?" ಎಂದು ಬಸವೇಶ್ ಕೇಳಿದ.

"ಹೂಂ ಸಾರ್. ಬಿಟ್ಟಂಗಿದೆ."

ಗುಡ್ಡದ ಬುಡದಲ್ಲಿ ಊರಿನವರೆಲ್ಲ ಒಂದೊಂದು ಸೊಪ್ಪು ಮುರಿದುಕೊಂಡರು. ಬಸವೇಶನೂ ಹತ್ತಿರದ ಗಿಡಕ್ಕೆ ಕೈ ಹಾಕಿದ. ಗಿಡ್ಡಯ್ಯ ಆ ಕೈಯನ್ನು ಹಿಡಿದು ಎಳೆದ.

"ಅದು ಚೇರು ಸಾರ್! ಮೈಯೆಲ್ಲ ಬೊಬ್ಬೆ ಏಳ್ತದೆ. ಹೊಸಬ್ರು ಸೊಪ್ಪು ಮುರೀಬಾರ್ದು. ಜೊತೆಗಿದ್ದೋರು ಮುರ್ದು ಕೊಡ್ಬೇಕು."

ಅವನೇ ಒಂದು ಕೊಂಬೆ ಮುರಿದು ಕೊಟ್ಟ. ಹೆಬ್ಬಾಗಿಲಿನ ಹೊರಗೆ, ದಾರಿಯ ಪಕ್ಕ ಮೊಣಕಾಲೆತ್ತರದ ಕಲ್ಲೊಂದಿದೆ. ಬುಡದಿಂದ ಕೈಯಲ್ಲಿ ಹಿಡಿದು ತಂದ ಸೊಪ್ಪನ್ನು ಅದರ ಮೇಲಿಟ್ಟರೆ ಹತ್ತಿದ ದಣಿವೆಲ್ಲ ಅಲ್ಲೇ ಉಳಿಯುತ್ತದೆ ಎಂದು ನಂಬಿಕೆ. ಯಾವ ಕಾಲದಿಂದ ನಡೆದುಬಂದದ್ದೋ ಯಾರಿಗೂ ಗೊತ್ತಿಲ್ಲ. ಕಲ್ಲೇ ಕಾಣದಷ್ಟು ಒಣಸೊಪ್ಪಿನ ರಾಶಿ. ಗಿಡ್ಡಯ್ಯ ಮುಂದೆ ಹೋಗಿ ರಾಶಿಯನ್ನು ನೋಡಿದವನು ಒಂದು ಗಳಿಗೆ ಹಾಗೆಯೇ ನಿಂತ. ಆಮೇಲೆ ತನ್ನ ಕೈಯಲ್ಲಿದ್ದ ದೊಡ್ಡ ಕೊಂಬೆಯನ್ನು ಅಡ್ಡಡ್ಡ ಹಾಸಿ, ಎಲ್ಲರೂ ಹಾಕ್ರೋ ಬೇಗ ಎಂದು ಗದರಿಸಿದ. ಒಬ್ಬೊಬ್ಬರಾಗಿ ಹಾಕಿದರು. ತಿಮ್ಮಣ್ಣನ ಕೈಯಲ್ಲಿ ಸೊಪ್ಪಿರಲಿಲ್ಲ. ಬಸವೇಶ್ ಇದೆಲ್ಲವನ್ನೂ ನೋಡಿದ, ಆದರೆ ನೋಡಿದ್ದೇನೆಂದು ಅವನಿಗೇ ಆಗ ತಿಳಿಯಲಿಲ್ಲ.

ಒಂಬತ್ತೂ ಹತ್ತಕ್ಕೆ ಹೆಣ ಸಿಕ್ಕಿತು. ತೋಪಿನ ಬದಿಯ ಬುರುಜಿನ ಕೆಳಗಿದ್ದ ಒಣ ಕಂದಕದಲ್ಲಿ ವೆಂಕಟರಮಣಯ್ಯ ಬೋರಲಾಗಿ ಬಿದ್ದಿದ್ದರು. ಮೇಲಿನಿಂದ ಮೂವತ್ತಡಿ. ಕೈಯಲ್ಲಿ ಗಡಿಯಾರ, ಬೆರಳಲ್ಲಿ ಉಂಗುರ, ಜೇಬಿನಲ್ಲಿ ಕನ್ನಡಕದ ಡಬ್ಬಿ. ಹಸಿರು ಚೀಲ ಮಾತ್ರ ಇರಲಿಲ್ಲ. ಪಂಚರ ಮುಂದೆ ಶವ ಪಂಚನಾಮೆ ಬರೆಯುವಾಗ ಹನ್ನೊಂದು. ತಿಮ್ಮಣ್ಣ ದೂರದಲ್ಲಿ ಕೋಟೆಗೋಡೆಗೆ ಬೆನ್ನು ಕೊಟ್ಟು ಕೂತಿದ್ದ. ಹೆಣ ಎತ್ತಲು ಕೈ ಕೊಡು ಎಂದಾಗ ಎದ್ದು ಬಂದು ಕಾಲಿನ ಕಡೆ ಹಿಡಿದ.

ಮಧ್ಯಾಹ್ನ ಸರ್ಕಾರಿ ಆಸ್ಪತ್ರೆಯಲ್ಲಿ ಶವಪರೀಕ್ಷೆ. ತಲೆಗೆ ಪೆಟ್ಟು, ಕತ್ತು ಮುರಿದಿದೆ, ಎತ್ತರದಿಂದ ಬಿದ್ದದ್ದು ಎಂದರು ವೈದ್ಯರು. ಬಿದ್ದದ್ದೋ ಬೀಳಿಸಿದ್ದೋ ಎಂಬುದನ್ನು ಮುರಿದ ಕತ್ತು ಹೇಳುವುದಿಲ್ಲ. ಸರ್ಕಲ್ ಇನ್‌ಸ್ಪೆಕ್ಟರಿಗೆ ಫೋನ್ ಮಾಡಿದಾಗ ಅವರು ಕೇಳಿದ್ದು ಒಂದೇ: ನಕ್ಸಲರ ಕರಪತ್ರ ಏನಾದರೂ ಸಿಕ್ಕಿತೇ? ಇಲ್ಲ ಎಂದದ್ದಕ್ಕೆ ನಿರಾಳವಾದರು.

"ಹಂಗಾದ್ರೆ ಜಾರಿ ಬಿದ್ದಿದ್ದು. ಅಸ್ವಾಭಾವಿಕ ಮರಣ ಅಂತ ಯುಡಿಆರ್ ಬರ್ದು ಮುಗಿಸ್ರಿ."

"ಚೀಲ ಸಿಕ್ಕಿಲ್ಲ ಸಾರ್."

"ಕೋತಿ ಒಯ್ದಿರತ್ತೆ ಕಣ್ರೀ."

ಯುಡಿಆರ್ ದಾಖಲಾಯಿತು. ಮಲೆನಾಡಿನ ಕೋತಿಗಳ ಮೇಲೆ ಇಂಥ ಎಷ್ಟು ಆರೋಪಗಳಿವೆಯೋ, ಅವಕ್ಕೇ ಗೊತ್ತಿಲ್ಲ.

13ರ ಬೆಳಿಗ್ಗೆ ಹೆಣ ಶಿವಮೊಗ್ಗಕ್ಕೆ ಹೊರಡುವ ಮುಂಚೆ ಸುಲೋಚನಮ್ಮನವರ ಹೇಳಿಕೆ ಪಡೆಯಬೇಕಿತ್ತು. ಅವರು ಅಳುತ್ತಿರಲಿಲ್ಲ. ಅತ್ತು ಮುಗಿದಿತ್ತು.

"ಬಿದ್ದ ತಕ್ಷಣ ಹೋಗಿರ್ತಾರಾ, ಇಲ್ಲಾ ಕೂಗ್ತಾ ಬಿದ್ದಿದ್ರಾ? ಅಷ್ಟು ಹೇಳಿ ಸಾಕು ನಂಗೆ."

"ತಕ್ಷಣ ಹೋಗಿದಾರೆ ತಾಯಿ" ಎಂದ ಬಸವೇಶ್. ಅದನ್ನು ವೈದ್ಯರು ಹೇಳಿದ್ದರು, ಸುಳ್ಳಲ್ಲ. "ಇಲ್ಲಿಗೇ ಯಾಕೆ ಬಂದ್ರಿ, ಇಷ್ಟು ದೂರ?"

"ನಾನು ಬೆಳೆಸಿದ ತೋಪು ತೋರಿಸ್ತೀನಿ ಬಾ ಅಂದ್ರು. ಹಸಿರುಸಿರಿ ಅಂತ ನೆಡುತೋಪು ಕಂಪನಿಯಲ್ಲಿ ಫೀಲ್ಡ್ ಆಫೀಸರ್ ಆಗಿದ್ರು. ಆ ಗುಡ್ಡದ ಅಕೇಶಿಯಾ ಪೂರ್ತಿ ಅವರೇ ನಿಂತು ನೆಡಿಸಿದ್ದು, ತೊಂಬತ್ತೊಂದರಲ್ಲಿ. ಕಂಪನಿ ಮುಚ್ಚಿಹೋಯ್ತು, ಮರ ಹಾಗೇ ಉಳೀತು. ಆ ಸಾಲುಗಳನ್ನು ಕನಸಲ್ಲೂ ಹೇಳೋರು. ನಂಗೆ ಕಾಲು ಬರ್ಲಿಲ್ಲ. ಬೆಳಕು ಚೆನ್ನಾಗಿರುವಾಗಲೇ ಮೊದಲು ತೋಪು ನೋಡಿ ಬರ್ತೀನಿ ಅಂದು ಹೋದ್ರು."

ಮೊದಲು ತೋಪು. ಬಸವೇಶ್ ಪೆನ್ನು ಕೆಳಗಿಟ್ಟ. ಮೊದಲು ತೋಪು ನೋಡಲು ಹೊರಟ ಮನುಷ್ಯ ಎದುರು ಬದಿಯ ಕಾಡಿನ ದಾರಿ ಯಾಕೆ ಹಿಡಿದ? ಹಿಡಿದದ್ದನ್ನು ಕಂಡವನು ತಿಮ್ಮಣ್ಣ ಒಬ್ಬನೇ.

14ರ ಬೆಳಿಗ್ಗೆ ಎಂಟಕ್ಕೆ ಬಸವೇಶ್ ಗಿಡ್ಡಯ್ಯನೊಬ್ಬನನ್ನೇ ಕರೆದುಕೊಂಡು ಕೋಟೆಮಕ್ಕಿಗೆ ಹೋದ. ಜೀಪಿನಿಂದ ಇಳಿದವನೇ ತೋಪಿನ ಕಡೆ ತಿರುಗಿದ. ಗಿಡ್ಡಯ್ಯ ನಿಂತಲ್ಲೇ ನಿಂತ.

"ಈ ಕಡೆಯಿಂದ ಹತ್ತಲ್ಲ ಸಾರ್."

"ಯಾಕ್ರೀ?"

"ಕೋಟೆ ಬಲಕ್ಕೆ ಬರ್ಬೇಕು. ಎಡಸುತ್ತು ಹೆಣದ ಕೆಲ್ಸಕ್ಕೆ ಮಾತ್ರ. ನಮ್ಮಲ್ಲಿ ದನ ಹುಡುಕ್ಕೊಂಡು ಹೋಗೋರೂ ಈ ಕಡೆಯಿಂದ ಹತ್ತಲ್ಲ."

"ಹೆಣದ ಕೆಲಸಕ್ಕೇ ಹೊರಟಿರೋದು. ನಡೀರಿ."

ಅಕೇಶಿಯಾ ತೋಪಿನಲ್ಲಿ ಹಕ್ಕಿ ಕೂಗುವುದಿಲ್ಲ. ಕೆಳಗೆ ಹುಲ್ಲು ಹುಟ್ಟುವುದಿಲ್ಲ. ಒಣ ಎಲೆಯ ಮೇಲೆ ಕಾಲಿಟ್ಟರೆ ಸದ್ದು ತಲೆಗೇ ಹೊಡೆಯುತ್ತದೆ. ಎತ್ತ ನೋಡಿದರೂ ಸಾಲು, ಸಾಲಿನ ಹಿಂದೆ ಸಾಲು. ಬಸವೇಶ್ ಇನ್ನೂರು ಹೆಜ್ಜೆ ನಡೆದಿದ್ದನೋ ಇಲ್ಲವೋ, ಮರಗಳ ನಡುವೆ ಮೊಳದುದ್ದದ ಗುಂಡಿಗಳು ಕಾಣತೊಡಗಿದವು. ಕೆಲವು ಹಳೆಯವು, ಎಲೆ ತುಂಬಿದ್ದವು. ಕೆಲವು ಹೊಸವು. ಯಾರೋ ಅಗೆದು, ನೋಡಿ, ಮತ್ತೆ ನೀಟಾಗಿ ಮುಚ್ಚಿದ್ದರು. ಒಂದು ನೂರಾದರೂ ಇದ್ದಿರಬೇಕು.

"ಹಂದಿ ಕೆದರಿದ್ದಾ?"

ಗಿಡ್ಡಯ್ಯ ಹತ್ತಿರದ ಗುಂಡಿಯ ಸಡಿಲ ಮಣ್ಣನ್ನು ಕಾಲಿನಿಂದ ಒತ್ತಿದ. ಬಸವೇಶ್ ಕಾದ. ಕಾಯುವುದೊಂದನ್ನು ಅವನು ಚೆನ್ನಾಗಿ ಕಲಿತಿದ್ದ.

"ತಿಮ್ಮಣ್ಣ ಸಾರ್" ಎಂದ ಕೊನೆಗೆ ಗಿಡ್ಡಯ್ಯ. "ಇಲ್ಲಿ ಅವ್ರ ಬಿಡಾರ ಇತ್ತು. ಅವ್ನ ಅಜ್ಜನ ಕಾಲದ್ದು. ಕಾಗದ ಪತ್ರ ಎಂತದೂ ಇರ್ಲಿಲ್ಲ. ಒಂದೇ ಒಂದು ಹೆಣ್ಣು ಕೂಸು, ಸಣ್ಣಿ ಅಂತ. ಏಳು ವರ್ಷಕ್ಕೆ ಹಾವು ಕಚ್ಚಿ ಹೋಯ್ತು. ಬಿಡಾರದ ಹಿಂದೇನೇ ಹುಗ್ದು, ಒಂದು ಕಲ್ಲು ನೆಟ್ಟಿದ್ರು. ನಾನೂ ಬಂದಿದ್ದೆ ಆವತ್ತು. ಆಮೇಲೆ ಕಂಪನಿಯೋರು ಬಂದ್ರು. ಬಿಡಾರ ಕಿತ್ರು. ಅಷ್ಟು ಜಾಗ ಮಾತ್ರ ಬಿಡಿ ಸಾಮಿ ಅಂತ ಆಫೀಸರ್ ಕಾಲು ಹಿಡ್ದಿದ್ದ. ಆಯ್ತು ಅಂದ್ರು. ಇವ ಕೂಲಿಗೆ ಅಂತ ಬಾಳೆಹೊನ್ನೂರಿಗೆ ಹೋಗಿ ಬರೋದ್ರೊಳಗೆ ಎಲ್ಲ ನೆಲಸಮ, ಎಲ್ಲ ಕಡೆ ಗಿಡ. ಕಲ್ಲೂ ಇಲ್ಲ. ಹದಿನಾರು ವರ್ಷದಿಂದ ಹುಡುಕ್ತಾ ಇದಾನೆ. ತಲೆ ಕೆಟ್ಟಿದೆ ಅಂತಾರೆ ಊರಲ್ಲಿ. ಅವ್ನ ಹೆಂಡ್ತಿ ವೀರಮ್ಮಂಗೆ ಈಗ ಕಣ್ಣು ಕಾಣಲ್ಲ. ಸಾಯೋದ್ರೊಳಗೆ ಆ ಜಾಗದ ಮೇಲೊಂದ್ಸಲ ಕೈ ಇಡ್ಬೇಕು ಅಂತ ದಿನಾ ಅವಂಗೆ ಹೇಳ್ತಾಳೆ."

 ಬಸವೇಶನಿಗೆ ಮುಂದೆ ನಡೆಯಲು ಮನಸ್ಸಿರಲಿಲ್ಲ. ಆದರೂ ನಡೆದ, ಒಡಕಿನಿಂದ ಕೋಟೆ ಹೊಕ್ಕು, ಬುರುಜು ದಾಟಿ, ಹೆಬ್ಬಾಗಿಲಿನಿಂದ ಹೊರಬಂದು, ಸೊಪ್ಪಿನ ಕಲ್ಲಿನ ಮುಂದೆ ಕೂತ. ಮೇಲಿನ ಸೊಪ್ಪನ್ನು ಒಂದೊಂದಾಗಿ ಎತ್ತಿಟ್ಟ. ಗಿಡ್ಡಯ್ಯ ಹಾಸಿದ್ದ ದೊಡ್ಡ ಕೊಂಬೆಯ ಅಡಿಯಲ್ಲಿ ಎರಡು ಅಕೇಶಿಯಾ ಕೊಂಬೆಗಳು ಪಕ್ಕಪಕ್ಕ ಇದ್ದವು. ಇನ್ನೂ ಪೂರ್ತಿ ಬಾಡಿರಲಿಲ್ಲ. ಕಾಡಿನ ಬದಿಯಲ್ಲಿ ಹುಡುಕಿದರೂ ಒಂದು ಅಕೇಶಿಯಾ ಮರ ಇಲ್ಲ. ಅವನ್ನು ತೋಪಿನ ಬುಡದಲ್ಲಿ ಮುರಿದು, ಕೋಟೆಯ ಮೂಲಕ ಹೊತ್ತು ತಂದಿದ್ದರು.

"ನೀವು ಮೊನ್ನೆಯೇ ನೋಡಿದ್ರಿ" ಎಂದ ಬಸವೇಶ್.

"ನೋಡಿದೆ ಸಾರ್."

"ಎರಡು ಯಾಕೆ?"

"ಒಂದು ಅವಂದು. ಒಂದು ಜೊತೆಗೆ ಬಂದೋರದ್ದು." ಗಿಡ್ಡಯ್ಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. "ನಂದು ತಪ್ಪಾಯ್ತು. ಮೆಮೊ ಕೊಡಿ, ಸಸ್ಪೆಂಡ್ ಮಾಡಿ. ಆ ಕೂಸಿನ ಮೇಲೆ ನಾನೂ ಮಣ್ಣು ಹಾಕಿದ್ದೆ."

ಬಸವೇಶ್ ಬಹಳ ಹೊತ್ತು ಆ ಕೊಂಬೆಗಳನ್ನು ನೋಡಿದ. ಎತ್ತಿ ಲಂಟಾನದೊಳಗೆ ಎಸೆದುಬಿಟ್ಟರೆ ಮುಗಿಯುತ್ತಿತ್ತು. ಮೇಲಿನವರು ಮುಗಿಸು ಎಂದೇ ಹೇಳಿದ್ದಾರೆ. ಕುರುಡಿ ಹೆಂಗಸಿಗೆ ಅನ್ನ ಹಾಕುವ ಕೈ ಉಳಿಯುತ್ತಿತ್ತು. ಆದರೆ ಶಿವಮೊಗ್ಗದಲ್ಲಿ ಇನ್ನೊಬ್ಬ ಹೆಂಗಸು ಗಂಡ ಜಾರಿಬಿದ್ದ ಎಂದುಕೊಂಡು, ನನ್ನ ಕಾಲು ಸರಿಯಿದ್ದಿದ್ದರೆ ಜೊತೆಗೆ ಹೋಗಿ ಕೈ ಹಿಡಿಯುತ್ತಿದ್ದೆ ಎಂದು ಸಾಯುವವರೆಗೂ ತನ್ನನ್ನೇ ಹಳಿದುಕೊಳ್ಳುತ್ತಾಳೆ. ಯಾವ ಕಡೆ ನೋಡಿದರೂ ನ್ಯಾಯವೆಂಬುದು ಅವನಿಗೆ ಕಾಣಲಿಲ್ಲ. ಕಂಡದ್ದು ಕೆಲಸ ಮಾತ್ರ.

"ಇಬ್ಬರು ಪಂಚರನ್ನ ಕರೀರಿ" ಎಂದ. "ಮಹಜರು ಬರೀಬೇಕು."

ಹನ್ನೊಂದೂ ನಲವತ್ತಕ್ಕೆ ತಿಮ್ಮಣ್ಣನನ್ನು ಹೋಂಸ್ಟೇ ಹಿಂದಿನ ಹಲಸಿನ ಮರದಡಿ ಕೂರಿಸಿ ವಿಚಾರಣೆ ಶುರುವಾಯಿತು. ಗಿಡ್ಡಯ್ಯ ಬರೆಯಲು ಕೂತಿದ್ದ. ಕಾಗದದ ಕವರಿನಿಂದ ಬಸವೇಶ್ ಕೊಂಬೆಗಳನ್ನು ಹೊರತೆಗೆದ.

"ಇದು ನಿಂದಾ?"

ತಿಮ್ಮಣ್ಣ ನೋಡಿದ. "ಹೌದು ಸಾರ್."

"ಇನ್ನೊಂದು?"

"ಅವ್ರದ್ದು."

ಇಷ್ಟು ಸಲೀಸಾಗಿ ಒಪ್ಪುತ್ತಾನೆಂದು ಬಸವೇಶ್ ಎಣಿಸಿರಲಿಲ್ಲ. ಗದರುವುದಕ್ಕೆ ಸಿದ್ಧ ಮಾಡಿಕೊಂಡು ಬಂದಿದ್ದ ಮಾತೆಲ್ಲ ಕೆಲಸಕ್ಕೆ ಬರಲಿಲ್ಲ.

"ಕಾಡಿನ ಬದಿ ಕಳಿಸಿದೆ ಅಂದಿದ್ದೆ."

"ಸುಳ್ಳು ಹೇಳಿದೆ. ಜ್ವರಾನೂ ಸುಳ್ಳು."

"ಮನುಷ್ಯನ್ನ ಬೀಳಿಸಿ, ಸೊಪ್ಪು ಯಾಕಿಟ್ಟೆ?"

"ಕೈಯಲ್ಲೇ ಇತ್ತು ಸಾರ್. ಕಲ್ಲು ದಾಟ್ಕೊಂಡು ಹೋಗೋಕೆ ಬರಲ್ಲ. ದಾರಿಯಲ್ಲಿ ಬಿಸಾಕೋಕೂ ಬರಲ್ಲ. ನಂದು ಇಟ್ಟೆ. ಅವ್ರದ್ದೂ ಇತ್ತಲ್ಲ, ಅದನ್ನೂ ಇಟ್ಟೆ."

"ಅವರು ಯಾರು ಅಂತ ಮೊದಲೇ ಗೊತ್ತಿತ್ತಾ?"

"ಶನಿವಾರ ಸಂಜೆ ನೋಡಿದ ಕೂಡ್ಲೇ ಗೊತ್ತಾಯ್ತು. ಅವ್ರಿಗೆ ನನ್ನ ಗುರ್ತು ಸಿಗ್ಲಿಲ್ಲ. ವೀರಿಗೆ ಹೇಳ್ದೆ, ಆಫೀಸರ್ ಬಂದಿದಾರೆ ಕಣೇ, ನಾಳೆ ಕೇಳ್ತೀನಿ ಅಂತ. ರಾತ್ರಿಯೆಲ್ಲ ಎದ್ದು ಕೂತಿದ್ಲು."

"ಏನು ಕೇಳಬೇಕಂತ?"

"ಎಷ್ಟನೇ ಸಾಲು ಅಂತ. ಹಗ್ಗ ಹಿಡ್ದು ಗುಂಡಿ ಗುರ್ತು ಹಾಕ್ಸಿದ್ದು ಅವ್ರೇ. ಕಲ್ಲು ಕೀಳ್ಸಿದ್ದೂ ಅವ್ರೇ. ಅವ್ರೊಬ್ರಿಗೇ ಗೊತ್ತಿರೋದು. ಅದಕ್ಕೇ ಎಡಸುತ್ತು ಕರ್ಕೊಂಡು ಹೋದೆ. ಮೊದ್ಲು ಕೂಸಿನ ಹತ್ರ ಹೋಗಿ, ಆಮೇಲೆ ಕೋಟೆ ಹತ್ತೋಣ ಅಂತ. ಹೊಡೀಬೇಕು ಬಡೀಬೇಕು ಅಂತ ನನ್ನ ಮನಸಲ್ಲಿ ಇರ್ಲಿಲ್ಲ ಸಾರ್. ಅವ್ರ ಚೀಲನೂ ನಾನೇ ಹೊತ್ಕೊಂಡಿದ್ದೆ."

"ಕೇಳಿದೆಯಾ?"

"ಕೇಳ್ದೆ. ತೋಪಿನ ಮಧ್ಯ ನಿಲ್ಸಿ ಎಲ್ಲ ಹೇಳ್ದೆ. ಬಿಡಾರ, ಕೂಸು, ಕಲ್ಲು. ಅವ್ರು ನಕ್ರು. ಬೈದು ನಕ್ಕಿದ್ದಲ್ಲ, ಒಳ್ಳೇ ಮನಸಲ್ಲೇ ನಕ್ರು. 'ಇಲ್ಲಿ ಏನೂ ಇರಲಿಲ್ಲ ಮಾರಾಯ, ಬರೀ ಕುರುಚಲು. ನೀನು ಬೇರೆ ಗುಡ್ಡ ನೆನಸ್ಕೊಂಡಿದೀಯ' ಅಂದ್ರು."

ಗಿಡ್ಡಯ್ಯ ಬರೆಯುವುದನ್ನು ನಿಲ್ಲಿಸಿದ್ದ. ಬಸವೇಶ್ ಕಣ್ಣಲ್ಲೇ ಸನ್ನೆ ಮಾಡಿದ ಮೇಲೆ ಮತ್ತೆ ಬರೆದ.

"ಆಮೇಲೆ?"

"ಬುರುಜು ಹತ್ತಿದ್ವಿ. ಅಲ್ಲಿಂದ ತೋಪು ಪೂರ್ತಿ ಕಾಣ್ತದೆ. ಅವ್ರು ಸೊಪ್ಪನ್ನ ಗೋಡೆ ಮೇಲಿಟ್ಟು, ಕೈ ಚಾಚಿ ತೋರ್ಸಿದ್ರು. 'ನೋಡು, ಒಂದು ಸಾಲೂ ಸೊಟ್ಟ ಇಲ್ಲ' ಅಂದ್ರು." ತಿಮ್ಮಣ್ಣ ತನ್ನ ಅಂಗೈಗಳನ್ನು ನೋಡಿಕೊಂಡ. "ಎಷ್ಟು ಹೊತ್ತು ನಿಂತಿದ್ನೋ ಗೊತ್ತಿಲ್ಲ. ಒಂದೇ ಕೈಯಲ್ಲಿ ನೂಕಿದೆ ಸಾರ್. ಇನ್ನೊಂದರಲ್ಲಿ ಸೊಪ್ಪಿತ್ತು. ಅವ್ರು ಬಿದ್ಮೇಲೆ ನೆನಪಾಯ್ತು, ಇನ್ನು ಕೇಳೋಕೆ ಯಾರೂ ಇಲ್ಲ ಅಂತ."

ಮಧ್ಯಾಹ್ನ ಒಂದೂ ಹತ್ತಕ್ಕೆ ಪಂಚರ ಮುಂದೆ ತಿಮ್ಮಣ್ಣ ಕಾಡಿನ ಬದಿಯ ಒಂದು ಪೊಟರೆಯಿಂದ ಹಸಿರು ಚೀಲ ತೆಗೆದುಕೊಟ್ಟ. ಒಳಗೆ ದುರ್ಬೀನು, ನೀರಿನ ಬಾಟಲಿ, ಸುಲೋಚನಮ್ಮ ಕಟ್ಟಿಕೊಟ್ಟಿದ್ದ ಅವಲಕ್ಕಿ. ಯುಡಿಆರ್ ಕಡತ ಕೊಲೆ ಪ್ರಕರಣವಾಯಿತು. ಐಪಿಸಿ 302, 201ರಡಿ ಎಫ್‌ಐಆರ್. ದಸ್ತಗಿರಿ ಸಮಯ ಮೂರೂ ಹದಿನೈದು. ಗಿಡ್ಡಯ್ಯನ ಮೆಮೊ ಬಸವೇಶನ ಮೇಜಿನ ಮೇಲೆ ಅರ್ಧ ಬರೆದು ನಿಂತಿತು. ಅದನ್ನು ಪೂರ್ತಿ ಮಾಡಬೇಕೆಂದು ಅವನಿಗೆ ಗೊತ್ತಿತ್ತು, ಮಾಡಲು ಕೈ ಬರಲಿಲ್ಲ.

ಅವನು ಶಿವಮೊಗ್ಗಕ್ಕೆ ಫೋನ್ ಮಾಡಿದ. ಸುಲೋಚನಮ್ಮನವರಿಗೆ ನಡೆದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದ. 

"ಅವರಿಗೆ ನಿಜವಾಗಿ ನೆನಪಿರಲಿಲ್ಲವೇನೋ" ಎಂದರು ಅವರು. "ಗಿಡಕ್ಕೆ ನೀರಿಲ್ಲ ಅಂದ್ರೆ ಊಟ ಬಿಡ್ತಿದ್ದ ಮನುಷ್ಯ."

"ತೋಪಿನ ನಕ್ಷೆ ಏನಾದರೂ ಮನೆಯಲ್ಲಿದೆಯಾ ತಾಯಿ? ಹಳೇ ಡೈರಿ?"

"ಹೋದ ವರ್ಷ ಮನೆ ಬದಲಿಸಿದಾಗ ಎಲ್ಲ ರದ್ದಿಗೆ ಹಾಕಿದ್ವಿ. ಎರಡು ಮೂಟೆ ಇತ್ತು."

ಬಂಧನದ ವಿಷಯವನ್ನು ಮನೆಯವರಿಗೆ ತಿಳಿಸಬೇಕೆಂಬುದು ಕಾನೂನು. ಪೇದೆಯೊಬ್ಬನನ್ನು ಕಳಿಸಿದ್ದರೂ ಆಗುತ್ತಿತ್ತು. ಸಂಜೆ ಐದಕ್ಕೆ ಬಸವೇಶ್ ತಾನೇ ಹೋದ. ವೀರಮ್ಮ ಜಗಲಿಯ ಮೇಲೆ ಕೂತಿದ್ದಳು. ಬೂಟಿನ ಸದ್ದು ಕೇಳಿ ಸೆರಗು ಸರಿಮಾಡಿಕೊಂಡಳು.

"ನಾನು ಕೊಪ್ಪ ಠಾಣೆ ಎಸ್‌ಐ ಕಣಮ್ಮ. ನಿನ್ನ ಗಂಡನ್ನ ದಸ್ತಗಿರಿ ಮಾಡಿದೀವಿ. ಆ ಆಫೀಸರನ್ನ ಬುರುಜಿಂದ ನೂಕಿದ್ದು ನಾನೇ ಅಂತ ಹೇಳಿದಾನೆ. ನಾಳೆ ಕೋರ್ಟಿಗೆ ಹಾಜರುಪಡಿಸ್ತೀವಿ. ಅವನಿಗೆ ವಕೀಲರು ಬೇಕಾದ್ರೆ ಸರ್ಕಾರದಿಂದ..."

ವೀರಮ್ಮ ಕೈ ಎತ್ತಿ ತಡೆದಳು. ದನಿ ಬಂದ ಕಡೆ ಮುಖ ತಿರುಗಿಸಿದಳು. ಗಂಡ ಬರುವುದು ಯಾವಾಗ ಎಂದು ಅವಳು ಕೇಳಲಿಲ್ಲ, ತನ್ನ ಗತಿಯೇನು ಎಂದೂ ಕೇಳಲಿಲ್ಲ.

"ಸಾಮಿ, ಇವ್ರು ಮೂರು ದಿನದಿಂದ ನನ್ನ ಹತ್ರ ಮಾತೇ ಆಡಿಲ್ಲ. ನಿಮ್ಹತ್ರ ಆದ್ರೂ ಹೇಳಿರ್ತಾರೆ. ಆಫೀಸರು ಸಾಯೋಕೆ ಮುಂಚೆ ಜಾಗ ತೋರ್ಸಿದ್ರಾ? ಎಷ್ಟನೇ ಸಾಲಂತೆ?"

ಬಸವೇಶ್ ನೋಟೀಸನ್ನು ಮಡಚಿ ಅವಳ ಕೈಯಲ್ಲಿಟ್ಟ. ಸುಳ್ಳು ಹೇಳಬೇಕೆನಿಸಿತು. ಯಾವುದಾದರೊಂದು ಸಾಲು, ಯಾವುದಾದರೊಂದು ಮರ ತೋರಿಸಿದರೆ ಅವಳಿಗೆ ಗೊತ್ತಾಗುವುದಾದರೂ ಹೇಗೆ?

"ಇಲ್ಲಮ್ಮ" ಎಂದ. "ತೋರಿಸಲಿಲ್ಲ."

 ಅವಳು ಗೋಡೆಗೆ ಒರಗಿಸಿದ್ದ ಕೋಲನ್ನು ತಡಕಿ ತೆಗೆದುಕೊಂಡು, ಎದ್ದು ನಿಂತು, ತೋಪು ಯಾವ ಕಡೆ ಎಂದು ಕೇಳಿದಳು.